ಸರ್ಚ್ ಇಂಜಿನ್ ಸೇವೆ: ವಿದ್ಯಾವಂತ ಗ್ರಾಮೀಣ ಯುವಕರಿಗೊಂದು ಉಪಕಸುಬು

(ಗ್ರಾಮೀಣ ಯುವಕ-ಯುವತಿಯರ ಸ್ವ-ಉದ್ಯೋಗ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳೆ ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದದ್ದನ್ನು ಒಳ್ಳೆಯ ಬೆಲೆಗೆ ಮಾರುವುದೂ ಅಷ್ಟೇ ಮುಖ್ಯ. ಮಾರಾಟದ ಮೊದಲ ಮೆಟ್ಟಿಲೆಂದರೆ ಮಾಲು ಎಲ್ಲಿ ಸಿಗುತ್ತದೆಂಬುದು ಕೊಳ್ಳುವವನಿಗೆ ತಿಳಿಯುವುದು. ಹಿಂದೆ ಈ ಸಂಗತಿ ಸಂತೆಯಲ್ಲಿ, ಜಾತ್ರೆಯಲ್ಲಿ, ದಲ್ಲಾಳಿಗಳ ಬಾಯಲ್ಲಿ ಹರಡುತ್ತಿತ್ತು. ಇಂದು ಬೆಂಗಳೂರಿನಲ್ಲಿ ರಾಸಾಯನಿಕ ಬೆರೆಸದ ಬೆಲ್ಲ ಬೇಕಾದ ಗೃಹಿಣಿ, ಪಕ್ಕದ ತಾಲ್ಲೂಕಿನಲ್ಲಿ ತೆಂಗಿನ ಸಸಿ ಬೇಕಾದ ರೈತ, ಮಲೆನಾಡಿನಲ್ಲಿ ಎರಡು ದಿನ ತಂಗಲು ಜಾಗ ಬೇಕಾದ ಪ್ರವಾಸಿ, ಇವರೆಲ್ಲರೂ ಮೊಬೈಲ್ ಫೋನಿನಲ್ಲಿ ಗೂಗಲ್ ತೆರೆದು ಎರಡು ಮೂರು ಪದ ಬರೆದು ಅಥವಾ ಬಾಯಲ್ಲಿ ಹೇಳಿ ಹುಡುಕುತ್ತಾರೆ. ಅಲ್ಲಿ ಮೇಲೆ ಕಂಡವರಿಗೆ ಫೋನು ಹೋಗುತ್ತದೆ. ಕಾಣದವರ ಮಾಲು ಎಷ್ಟೇ ಉತ್ತಮವಾಗಿದ್ದರೂ ಕೇಳುವವರು ಇರುವುದಿಲ್ಲ.

ಹೀಗೆ ಕಾಣುವಂತೆ ಮಾಡುವ ಕೆಲಸವೇ ಇಂದು ಒಂದು ಕಸುಬಾಗಿ ಬೆಳೆದಿದೆ. ಇದನ್ನು 'ಎಸ್‌ಇಒ' ಎಂದು, ಅಂದರೆ ಸರ್ಚ್ ಇಂಜಿನ್‌ಗೆ ತಕ್ಕಂತೆ ಜಾಲತಾಣವನ್ನು ಸಿದ್ಧಪಡಿಸುವ ಕೆಲಸವೆಂದು ಕರೆಯುತ್ತಾರೆ. ಪಟ್ಟಣಗಳಲ್ಲಿ ದೊಡ್ಡ ಸಂಸ್ಥೆಗಳು ಇದನ್ನು ನಡೆಸುತ್ತಿವೆ. ಆದರೆ ಒಂದು ಆಲೆಮನೆ, ಒಂದು ನರ್ಸರಿ, ಒಂದು ಎಣ್ಣೆ ಗಾಣದ ಮಟ್ಟಿಗೆ ಬೇಕಾಗುವ ಕೆಲಸವನ್ನು ಹಳ್ಳಿಯಲ್ಲಿಯೇ ಇದ್ದುಕೊಂಡು, ಬೇಸಾಯವನ್ನು ಬಿಡದೆ, ಪದವಿ ಓದಿದ ಯುವಕ ಯುವತಿಯರು ಮಾಡಬಹುದು. ಈ ಕಸುಬನ್ನು ಹೇಗೆ ಆರಂಭಿಸಬೇಕು, ಗಿರಾಕಿಗಳನ್ನು ಹೇಗೆ ಪಡೆಯಬೇಕು, ಯಾವ ತಪ್ಪುಗಳಿಂದ ದೂರವಿರಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಎಲ್ಲಕ್ಕೂ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈ ಕಸುಬಿನಲ್ಲಿ ಮಾರುವುದು ದುಡಿಮೆಯನ್ನೇ ಹೊರತು ಮೊದಲನೆಯ ಸ್ಥಾನವನ್ನಲ್ಲ. ಒಳ್ಳೆಯ ಬೇಸಾಯ ಮಾಡಿಕೊಡುತ್ತೇನೆಂದು ಯಾರಾದರೂ ಹೇಳಬಹುದು, ಮಳೆ ತರಿಸುತ್ತೇನೆಂದು ಹೇಳಲಾಗದು.

ಸರ್ಚ್ ಇಂಜಿನ್ ಕೆಲಸ ಮಾಡುವ ಬಗೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ಇಬ್ಬರು 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ಒಂದು ಪುಟದ ಬೆಲೆಯನ್ನು ಅದರಲ್ಲಿರುವ ಪದಗಳಿಂದ ಮಾತ್ರವಲ್ಲದೆ, ಬೇರೆ ಯಾವ ಯಾವ ಪುಟಗಳು ಅದರ ಕಡೆಗೆ ಕೊಂಡಿ ಹಾಕಿವೆ ಎಂಬುದರಿಂದಲೂ ಅಳೆಯಬೇಕೆಂಬುದು ಅವರ ವಿಚಾರವಾಗಿತ್ತು. ಹಳ್ಳಿಯಲ್ಲಿ ಒಬ್ಬನ ಬಿತ್ತನೆ ಬೀಜ ಒಳ್ಳೆಯದೆಂದು ಅವನೇ ಹೇಳಿಕೊಂಡರೆ ಸಾಲದು. ನಾಲ್ಕು ಜನ ಅನುಭವಸ್ಥ ರೈತರು ಹೇಳಿದರೆ ನಂಬಿಕೆ ಬರುತ್ತದೆ. ಇದೂ ಹಾಗೆಯೇ.

ಸರ್ಚ್ ಇಂಜಿನ್ನಿನ ಕೆಲಸದಲ್ಲಿ ಮೂರು ಹಂತಗಳಿವೆ. ಮೊದಲನೆಯದಾಗಿ, ಅದರ ಯಂತ್ರಗಳು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ನೋಡುತ್ತವೆ. ಎರಡನೆಯದಾಗಿ, ನೋಡಿದ ಪುಟಗಳನ್ನು ಅರ್ಥಮಾಡಿಕೊಂಡು ಪಟ್ಟಿಗೆ ಸೇರಿಸುತ್ತವೆ. ಮೂರನೆಯದಾಗಿ, ಯಾರಾದರೂ ಹುಡುಕಿದಾಗ ಆ ಪಟ್ಟಿಯಿಂದ ತಕ್ಕ ಪುಟಗಳನ್ನು ಆರಿಸಿ ಕ್ರಮವಾಗಿ ತೋರಿಸುತ್ತವೆ. ಪಟ್ಟಿಗೆ ಸೇರದ ಪುಟವು ಎಷ್ಟು ಅಂದವಾಗಿದ್ದರೂ ಹುಡುಕುವವರಿಗೆ ಕಾಣುವುದಿಲ್ಲ.

ಹತ್ತಿರದ ಅಂಗಡಿ, ನರ್ಸರಿ, ರಿಪೇರಿ ಶೆಡ್ಡು ಮುಂತಾದವನ್ನು ಹುಡುಕಿದಾಗ ನಕ್ಷೆಯೊಡನೆ ಬರುವ ಪಟ್ಟಿಗೆ ಬೇರೆ ಲೆಕ್ಕವಿದೆ. ಗೂಗಲ್ ಸಂಸ್ಥೆಯೇ ತಿಳಿಸಿರುವಂತೆ ಅಲ್ಲಿ ಮೂರು ಅಂಶಗಳು ಮುಖ್ಯ: ಕೇಳಿದ್ದಕ್ಕೂ ಅಂಗಡಿಗೂ ಇರುವ ಸಂಬಂಧ, ಹುಡುಕುವವನಿಂದ ಅಂಗಡಿಗಿರುವ ದೂರ, ಮತ್ತು ಅಂಗಡಿಗಿರುವ ಹೆಸರು. ಇವುಗಳಲ್ಲಿ ದೂರವನ್ನು ಯಾರೂ ಬದಲಾಯಿಸಲಾರರು. ಉಳಿದೆರಡರಲ್ಲಿ ಮಾತ್ರ ದುಡಿಮೆಗೆ ಅವಕಾಶವಿದೆ. ಈ ಪಟ್ಟಿಯಲ್ಲಿ ಅಥವಾ ಸಾಮಾನ್ಯ ಪಟ್ಟಿಯಲ್ಲಿ ಮೇಲಿನ ಸ್ಥಾನ ಕೊಡಲು ಗೂಗಲ್ ಯಾರಿಂದಲೂ ಹಣ ಪಡೆಯುವುದಿಲ್ಲ. 'ಪ್ರಾಯೋಜಿತ' ಎಂಬ ಗುರುತಿನೊಡನೆ ಬರುವ ಜಾಹೀರಾತುಗಳಿಗೆ ಮಾತ್ರ ಹಣ ಕೊಡಬೇಕಾಗುತ್ತದೆ.

ಬೇಕಾಗುವ ಸಲಕರಣೆ ಮತ್ತು ಕಲಿಕೆ

ಈ ಕಸುಬಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಒಂದು ಸಾಧಾರಣ ಕಂಪ್ಯೂಟರ್, ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್, ನಂಬಿಕೆಯ ಇಂಟರ್ನೆಟ್ ಸಂಪರ್ಕ ಮತ್ತು ಕನ್ನಡ, ಇಂಗ್ಲಿಷ್ ಎರಡರಲ್ಲೂ ತಪ್ಪಿಲ್ಲದೆ ಬರೆಯುವ ಅಭ್ಯಾಸ ಸಾಕು. ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್, ಟ್ರೆಂಡ್ಸ್ ಎಂಬ ಗೂಗಲ್‌ನ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಆರಂಭದಲ್ಲಿ ಹಣ ಕೊಟ್ಟು ಬೇರೆ ಸಾಧನಗಳನ್ನು ಕೊಳ್ಳುವ ಅಗತ್ಯವಿಲ್ಲ.

ಹೊಸ ತಳಿಯನ್ನು ಊರಿಗೆಲ್ಲ ಶಿಫಾರಸು ಮಾಡುವ ಮುನ್ನ ಪ್ರಾತ್ಯಕ್ಷಿಕೆ ತಾಕು ಮಾಡುವುದು ವಿಸ್ತರಣಾ ಕಾರ್ಯದ ಪದ್ಧತಿ. ಇಲ್ಲಿಯೂ ಅದನ್ನೇ ಅನುಸರಿಸಬೇಕು. ಮೊದಲು ತನ್ನ ಮನೆಯ ಅಥವಾ ಬಂಧುಗಳ ಒಂದು ಉದ್ಯಮವನ್ನು ತೆಗೆದುಕೊಂಡು, ಹಣ ಪಡೆಯದೆ, ಆರು ತಿಂಗಳು ಕೆಲಸ ಮಾಡಿ ಫಲಿತಾಂಶವನ್ನು ಬರೆದಿಡಬೇಕು. ಕೆಲಸ ಆರಂಭಿಸುವ ದಿನ ಎಷ್ಟು ಕರೆಗಳು ಬರುತ್ತಿದ್ದವು, ಯಾವ ಪದಗಳಿಗೆ ಆ ಉದ್ಯಮ ಕಾಣುತ್ತಿತ್ತು ಎಂಬುದನ್ನು ಮೊದಲೇ ಗುರುತು ಹಾಕಿಕೊಳ್ಳುವುದು ಅತ್ಯವಶ್ಯ. ಮೊದಲಿನ ಸ್ಥಿತಿಯ ದಾಖಲೆಯಿಲ್ಲದೆ ಹೆಚ್ಚುವರಿ ಇಳುವರಿಯನ್ನು ಹೇಳಲಾಗದು. ಈ ದಾಖಲೆಯೇ ಮುಂದೆ ಗಿರಾಕಿಗಳ ಮುಂದಿಡುವ ಮೊದಲ ಸಾಕ್ಷಿಯಾಗುತ್ತದೆ.

ಕೆಲಸದ ಕ್ರಮ

1. ತಪಾಸಣೆ: ಮಣ್ಣು ಪರೀಕ್ಷೆ ಮಾಡದೆ ಗೊಬ್ಬರ ಹಾಕಬಾರದು. ಗಿರಾಕಿಗೆ ಜಾಲತಾಣವಿದ್ದರೆ ಅದು ಗೂಗಲ್‌ನ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ಸರ್ಚ್ ಕನ್ಸೋಲ್‌ನಲ್ಲಿ ನೋಡಬೇಕು. ವರ್ಡ್‌ಪ್ರೆಸ್ ಬಳಸಿ ಮಾಡಿದ ತಾಣಗಳಲ್ಲಿ ಸರ್ಚ್ ಇಂಜಿನ್‌ಗಳು ಬರಬಾರದೆಂದು ತಿಳಿಸುವ ಒಂದು ಗುರುತಿನ ಚೌಕವಿರುತ್ತದೆ. ತಾಣ ಕಟ್ಟುವಾಗ ಹಾಕಿದ ಈ ಗುರುತನ್ನು ತೆಗೆಯಲು ಮರೆತು, ತಾಣವೇ ಕಾಣದಂತಾಗಿರುವುದುಂಟು. ಚಿತ್ರಗಳು ಬಹಳ ಭಾರವಾಗಿದ್ದು ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯದಿರುವುದು ಇನ್ನೊಂದು ಸಾಮಾನ್ಯ ದೋಷ. ಗೂಗಲ್ ಈಗ ಪುಟಗಳನ್ನು ಮುಖ್ಯವಾಗಿ ಮೊಬೈಲ್‌ನಲ್ಲಿ ಕಾಣುವ ರೂಪದಲ್ಲಿಯೇ ಪರಿಶೀಲಿಸುವುದರಿಂದ ಎಲ್ಲವನ್ನೂ ಮೊಬೈಲ್‌ನಲ್ಲಿ ತೆರೆದು ನೋಡಬೇಕು.

ಕನ್ನಡ ತಾಣಗಳಲ್ಲಿ ಎರಡು ವಿಶೇಷ ದೋಷಗಳಿವೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿರುತ್ತದೆ. ಅಂಥ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಎರಡನೆಯದಾಗಿ, ವಾಟ್ಸ್‌ಆ್ಯಪ್‌ಗೆಂದು ಮಾಡಿದ ಪೋಸ್ಟರ್ ಚಿತ್ರವನ್ನೇ ತಂದು ತಾಣಕ್ಕೆ ಹಾಕುವುದು. ದರ, ವಿಳಾಸ, ಮಾಲಿನ ವಿವರ ಎಲ್ಲವೂ ಚಿತ್ರದೊಳಗೇ ಉಳಿದರೆ ಹುಡುಕುವವರಿಗೆ ಸಿಗುವ ಭರವಸೆ ಇರುವುದಿಲ್ಲ. ಮುಖ್ಯ ವಿವರಗಳನ್ನು ಅಕ್ಷರದಲ್ಲಿಯೇ ಬರೆಯತಕ್ಕದ್ದು.

2. ಪದಗಳ ಆಯ್ಕೆ: ಈ ಕಸುಬಿನಲ್ಲಿ ಹಳ್ಳಿಯವರಿಗೆ ಪಟ್ಟಣದವರಿಗಿಂತ ಹೆಚ್ಚಿನ ಅನುಕೂಲವಿರುವುದು ಇಲ್ಲಿಯೇ. ಕೊಳ್ಳುವವರು ಯಾವ ಪದದಿಂದ ಹುಡುಕುತ್ತಾರೆಂಬುದನ್ನು ತಿಳಿಯಬೇಕು. ಮೈಸೂರು ಸೀಮೆಯವರು 'ಕಡಲೆಕಾಯಿ ಎಣ್ಣೆ' ಎಂದರೆ ಧಾರವಾಡದ ಕಡೆಯವರು 'ಶೇಂಗಾ ಎಣ್ಣೆ' ಎನ್ನುತ್ತಾರೆ. ಒಂದೇ ಮಾಲನ್ನು ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ಬೇರೆ ಬೇರೆ ಕಡೆ ಕರೆಯುತ್ತಾರೆ. ಅದೇ ಗಾಣದ ಎಣ್ಣೆಯನ್ನು ಬೆಂಗಳೂರಿನ ಕೆಲವರು 'ಕೋಲ್ಡ್ ಪ್ರೆಸ್ಡ್' ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಇನ್ನು ಕೆಲವರು 'ಮರದ ಗಾಣದ ಎಣ್ಣೆ' ಎಂದು ಕನ್ನಡದಲ್ಲಿ ಬರೆಯುತ್ತಾರೆ, ಮತ್ತೆ ಕೆಲವರು ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ.

ಇವುಗಳನ್ನು ಊಹೆಯಿಂದ ನಿರ್ಧರಿಸಬಾರದು. ಗಿರಾಕಿಯ ಅಂಗಡಿಯಲ್ಲಿ ಒಂದು ದಿನ ಕುಳಿತು ಬಂದವರು ಏನೆಂದು ಕೇಳುತ್ತಾರೆಂದು ಬರೆದುಕೊಳ್ಳಬೇಕು. ಫೋನಿನಲ್ಲಿ ಬರುವ ಪ್ರಶ್ನೆಗಳನ್ನು ಪಟ್ಟಿ ಮಾಡಬೇಕು. ನಂತರ ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಆ ಪದವನ್ನು ಬರೆದಾಗ ಕೆಳಗೆ ತಾನಾಗಿ ಮೂಡುವ ಸೂಚನೆಗಳನ್ನು ನೋಡಬೇಕು. 'ಬೆಲ್ಲ' ಎಂಬ ಒಂಟಿ ಪದಕ್ಕೆ ದೊಡ್ಡ ದೊಡ್ಡ ಸಂಸ್ಥೆಗಳೊಡನೆ ಪೈಪೋಟಿ ಇರುತ್ತದೆ. 'ಮಂಡ್ಯ ಅಚ್ಚು ಬೆಲ್ಲ ನೇರ ಆಲೆಮನೆಯಿಂದ' ಎಂಬಂಥ ಮಾತನ್ನು ಹುಡುಕುವವರು ಕಡಿಮೆ, ಆದರೆ ಹಾಗೆ ಹುಡುಕುವವರು ಕೊಳ್ಳಲೆಂದೇ ಬಂದಿರುತ್ತಾರೆ. ಸಣ್ಣ ಉದ್ಯಮಕ್ಕೆ ಇಂಥ ಪದಗಳೇ ಲಾಭದಾಯಕ.

3. ಬಿಸಿನೆಸ್ ಪ್ರೊಫೈಲ್: ಹಳ್ಳಿಯ ಬಹುಪಾಲು ಉದ್ಯಮಗಳಿಗೆ ಜಾಲತಾಣಕ್ಕಿಂತ ಮೊದಲು ಬೇಕಾದುದು ಗೂಗಲ್ ನಕ್ಷೆಯಲ್ಲಿ ಸರಿಯಾದ ದಾಖಲೆ. ಹೆಸರು, ನಿಖರವಾದ ಜಾಗ, ಫೋನ್ ಸಂಖ್ಯೆ, ತೆರೆದಿರುವ ವೇಳೆ, ಉದ್ಯಮದ ವರ್ಗ ಇವನ್ನು ತುಂಬಿ, ಸ್ಥಳದ ನಿಜವಾದ ಚಿತ್ರಗಳನ್ನು ಹಾಕಬೇಕು. ದಾಖಲೆ ಉದ್ಯಮದವರದೇ ಎಂದು ಫೋನ್ ಅಥವಾ ವಿಡಿಯೋ ಮುಂತಾದ ವಿಧಾನಗಳಿಂದ ಗೂಗಲ್ ಖಚಿತಪಡಿಸಿಕೊಳ್ಳುತ್ತದೆ. ಹೆಸರಿನ ಜಾಗದಲ್ಲಿ ಫಲಕದ ಮೇಲಿರುವ ನಿಜವಾದ ಹೆಸರನ್ನೇ ಬರೆಯಬೇಕು. ಅದಕ್ಕೆ 'ಅತ್ಯುತ್ತಮ', 'ಅಗ್ಗದ ದರ' ಎಂಬ ಬಾಲಗಳನ್ನು ಸೇರಿಸುವುದು ನಿಯಮಕ್ಕೆ ವಿರುದ್ಧ. ಹಳ್ಳಿಯ ದಾರಿಗಳಲ್ಲಿ ಗುರುತು ಅರ್ಧ ಮೈಲಿ ತಪ್ಪಿದರೂ ಬಂದ ಗಿರಾಕಿ ಹಿಂತಿರುಗುವ ಸಂಭವವಿರುವುದರಿಂದ, ಜಾಗಕ್ಕೇ ಹೋಗಿ ಗುರುತು ಹಾಕುವುದು ಉತ್ತಮ.

4. ಪುಟಗಳ ಬರವಣಿಗೆ: ಪ್ರತಿಯೊಂದು ಮುಖ್ಯ ಮಾಲಿಗೆ ಒಂದು ಪುಟವಿರಬೇಕು. 'ಮುಖಪುಟಕ್ಕೆ ಸ್ವಾಗತ' ಎಂಬ ಶೀರ್ಷಿಕೆಯಿಂದ ಯಾರಿಗೂ ಏನೂ ತಿಳಿಯದು. 'ಮರದ ಗಾಣದ ಶೇಂಗಾ ಎಣ್ಣೆ' ಎಂಬುದರ ಜೊತೆಗೆ ಊರು, ಜಿಲ್ಲೆಗಳನ್ನು ಸೇರಿಸಿ ಬರೆದ ಶೀರ್ಷಿಕೆಯಿಂದ ಯಂತ್ರಕ್ಕೂ ಮನುಷ್ಯನಿಗೂ ತಿಳಿಯುತ್ತದೆ. ಪುಟದಲ್ಲಿ ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರವಿರಬೇಕು: ಎಣ್ಣೆ ಎಷ್ಟು ದಿನ ಕೆಡದೆ ಇರುತ್ತದೆ, ಎಷ್ಟು ಲೀಟರಿನ ಡಬ್ಬಗಳಲ್ಲಿ ಸಿಗುತ್ತದೆ, ಕಳಿಸಿಕೊಡಲು ಎಷ್ಟು ದಿನ ಬೇಕು, ಇಂದಿನ ದರವೇನು. ಹುಡುಕುವ ಪದವನ್ನೇ ಸಾಲುಸಾಲಿಗೆ ತುರುಕುವುದರಿಂದ ಪ್ರಯೋಜನವಿಲ್ಲ. ಯೂರಿಯಾ ಹೆಚ್ಚಾದ ಪೈರು ಹಸಿರಾಗಿ ಕಂಡು ಕೊನೆಗೆ ಮಲಗುವಂತೆ ಇಂಥ ಪುಟವೂ ನೆಲ ಹಿಡಿಯುತ್ತದೆ.

ಹಂಗಾಮನ್ನು ಗಮನಿಸುವುದೂ ಮುಖ್ಯ. ಮಾವಿನ ಹಣ್ಣಿನ ಪುಟವನ್ನು ಮೇ ತಿಂಗಳಲ್ಲಿ ಬರೆದರೆ ಗೂಗಲ್ ಅದನ್ನು ಗುರುತಿಸುವ ವೇಳೆಗೆ ಹಣ್ಣು ಮುಗಿದಿರುತ್ತದೆ. ಮೂರು ನಾಲ್ಕು ತಿಂಗಳು ಮೊದಲೇ ಪುಟ ಸಿದ್ಧವಾಗಿರಬೇಕು. ನರ್ಸರಿಯವರು ಮುಂಗಾರಿಗೆ ಮೊದಲು, ಬೆಲ್ಲದವರು ಸಂಕ್ರಾಂತಿ ಹಾಗೂ ಯುಗಾದಿಗೆ ಮೊದಲು ತಯಾರಾಗುವುದು ಒಳ್ಳೆಯದು.

5. ಕೊಂಡಿ ಮತ್ತು ಅಭಿಪ್ರಾಯಗಳು: ಉದ್ಯಮದ ಹೆಸರು ಇತರ ಒಳ್ಳೆಯ ತಾಣಗಳಲ್ಲಿ ನ್ಯಾಯವಾಗಿ ಬರುವಂತೆ ಮಾಡಬೇಕು. ಸದಸ್ಯರಾಗಿರುವ ಸಹಕಾರ ಸಂಘ ಅಥವಾ ರೈತ ಉತ್ಪಾದಕ ಸಂಸ್ಥೆಯ ತಾಣ, ಮಾಲು ಕೊಳ್ಳುವ ಅಂಗಡಿಯ ತಾಣ, ಜಿಲ್ಲೆಯ ಪತ್ರಿಕೆ ಇವು ಅಂಥ ಮೂಲಗಳು. ಮಾಲು ಕೊಂಡವರನ್ನು ತಮ್ಮ ಅನುಭವವನ್ನು ಬರೆಯುವಂತೆ ಕೇಳಬಹುದು. ಆದರೆ ಒಳ್ಳೆಯದನ್ನು ಬರೆದರೆ ಬೆಲೆ ಕಡಿಮೆ ಮಾಡುತ್ತೇವೆಂದು ಹೇಳುವುದು, ನೆಂಟರಿಷ್ಟರಿಂದ ಹುಸಿ ಅಭಿಪ್ರಾಯ ಬರೆಸುವುದು ಸಲ್ಲದು. ಕೆಟ್ಟ ಅಭಿಪ್ರಾಯ ಬಂದಾಗ ಜಗಳವಾಡದೆ, ಆದ ತೊಂದರೆಯನ್ನು ಒಪ್ಪಿ ಸರಿಪಡಿಸಿದ ಉತ್ತರ ಬರೆಯುವುದೇ ಲೇಸು. ಅದನ್ನು ಓದುವ ನೂರು ಜನರಿಗೆ ಉದ್ಯಮದ ನಡತೆ ತಿಳಿಯುತ್ತದೆ.

6. ಲೆಕ್ಕ ಒಪ್ಪಿಸುವುದು: ತಿಂಗಳಿಗೊಮ್ಮೆ ಒಂದು ಪುಟದ ವರದಿ ಕೊಡಬೇಕು. ಏನು ಕೆಲಸ ಮಾಡಲಾಯಿತು, ಎಷ್ಟು ಕರೆಗಳು ಬಂದವು, ಎಷ್ಟು ಜನ ದಾರಿ ಕೇಳಿದರು ಎಂಬುದಿಷ್ಟೇ ಇದ್ದರೆ ಸಾಕು. ತನ್ನ ಫೋನಿನಲ್ಲಿ ಹುಡುಕಿ ಮೊದಲು ಕಂಡಿತೆಂದು ತೋರಿಸುವುದು ವರದಿಯಲ್ಲ. ಏಕೆಂದರೆ ಜಾಗದಿಂದ ಜಾಗಕ್ಕೆ ಫಲಿತಾಂಶ ಬದಲಾಗುತ್ತದೆ. ಗಿರಾಕಿಯ ಕಡೆಯಲ್ಲಿ ಒಂದು ನೋಟ್ ಪುಸ್ತಕವಿಟ್ಟು, ಕರೆ ಮಾಡಿದ ಪ್ರತಿಯೊಬ್ಬರನ್ನೂ "ನಮ್ಮ ವಿಚಾರ ನಿಮಗೆ ಎಲ್ಲಿ ತಿಳಿಯಿತು?" ಎಂದು ಕೇಳಿ ಬರೆದಿಡುವ ಪದ್ಧತಿ ಮಾಡಿಸಬೇಕು. ಸ್ಥಾನವು ಪೈರಿನ ಎತ್ತರವಿದ್ದಂತೆ, ಮಾರಾಟವಾದ ಮಾಲು ಕಾಳಿನ ಇಳುವರಿಯಿದ್ದಂತೆ. ಕಣದಲ್ಲಿ ಅಳೆಯುವುದು ಕಾಳನ್ನೇ.

ಗಿರಾಕಿಗಳನ್ನು ಪಡೆಯುವ ಬಗೆ

ಊರಿನ ಎಲ್ಲ ಬಗೆಯ ಉದ್ಯಮಗಳಿಗೂ ಕೈ ಹಾಕುವ ಬದಲು ಆರಂಭದಲ್ಲಿ ಒಂದು ಅಥವಾ ಎರಡು ಕಸುಬುಗಳನ್ನು ಆರಿಸಿಕೊಳ್ಳಬೇಕು. ನರ್ಸರಿಗಳ ಕೆಲಸವನ್ನೇ ಮಾಡಿದವನಿಗೆ ಸಸಿ ಕೊಳ್ಳುವವರ ಪ್ರಶ್ನೆಗಳು, ಹಂಗಾಮು, ಮೋಸದ ಸಸಿಗಳ ಭಯ ಎಲ್ಲವೂ ತಿಳಿದಿರುತ್ತವೆ. ಆದರೆ ಒಂದೇ ಊರಿನಲ್ಲಿ ಒಂದೇ ಮಾಲು ಮಾರುವ ಇಬ್ಬರ ಕೆಲಸವನ್ನು ಒಪ್ಪಿಕೊಳ್ಳಬಾರದು. ಒಬ್ಬನನ್ನು ಮೇಲೆ ತರಲು ಇನ್ನೊಬ್ಬನನ್ನು ಕೆಳಗಿಳಿಸಬೇಕಾದ ಸಂದಿಗ್ಧ ಅದರಿಂದ ಉಂಟಾಗುತ್ತದೆ.

ಮೊದಲ ಗಿರಾಕಿಗಳನ್ನು ಹುಡುಕಲು ಜಾಹೀರಾತು ಬೇಕಿಲ್ಲ. ಕೃಷಿ ಮೇಳ, ಸ್ವಸಹಾಯ ಸಂಘಗಳ ಮಾರಾಟ ಮಳಿಗೆ, ರೈತ ಉತ್ಪಾದಕ ಸಂಸ್ಥೆಗಳ ಸಭೆ ಇಂಥ ಕಡೆ ಹೋಗಬೇಕು. ಉದ್ಯಮದವರ ಮುಂದೆ ಅವರ ಮಾಲಿನ ಹೆಸರನ್ನು ಅವರ ಫೋನಿನಲ್ಲಿಯೇ ಹುಡುಕಿ ತೋರಿಸಿದರೆ ಹತ್ತು ನಿಮಿಷದಲ್ಲಿ ವಿಷಯ ಮನದಟ್ಟಾಗುತ್ತದೆ. ತಪ್ಪಾದ ಫೋನ್ ಸಂಖ್ಯೆ ಅಥವಾ ತಪ್ಪಾದ ಗುರುತು ಕಂಡುಬಂದರೆ ಅದನ್ನು ಅಲ್ಲಿಯೇ ಉಚಿತವಾಗಿ ಸರಿಪಡಿಸಿಕೊಡಬೇಕು. ಕೆಲಸದ ರುಚಿ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ತಾಲ್ಲೂಕಿನ ಲೆಕ್ಕ ಬರೆಯುವವರು, ಮುದ್ರಣಾಲಯದವರು, ಪ್ಯಾಕಿಂಗ್ ಸಾಮಾನು ಮಾರುವವರು ಹೊಸ ಉದ್ಯಮಗಳ ಸುದ್ದಿಯನ್ನು ಮೊದಲು ಬಲ್ಲವರು. ಇವರ ಪರಿಚಯ ಬೆಳೆಸಿಕೊಳ್ಳಬೇಕು. ಇತರರನ್ನು ಕಾಣಿಸುವ ಕಸುಬಿನವನು ತಾನೇ ಕಾಣದಿದ್ದರೆ ನಂಬುವವರಿಲ್ಲ. ಆದ್ದರಿಂದ ತನ್ನದೂ ಒಂದು ಸಣ್ಣ ಕನ್ನಡ ತಾಣವಿರಲಿ. ಕನ್ನಡದಲ್ಲಿ ಒಳ್ಳೆಯ ಪುಟಗಳು ಇಂಗ್ಲಿಷಿಗಿಂತ ಬಹಳ ಕಡಿಮೆ ಇರುವುದರಿಂದ ಶ್ರದ್ಧೆಯಿಂದ ಬರೆದವರಿಗೆ ಜಾಗ ಸಿಗುತ್ತದೆ.

ಎಲ್ಲ ಗಿರಾಕಿಗಳಿಗೂ ಈ ಸೇವೆ ಬೇಕಾಗುವುದಿಲ್ಲ. ಬೆಲ್ಲವನ್ನೆಲ್ಲ ಲೋಡುಗಟ್ಟಲೆ ಮಾರುಕಟ್ಟೆಯ ಮಂಡಿಗೆ ಕಳಿಸುವ ಆಲೆಮನೆಗೆ ಇದರಿಂದ ಲಾಭವಿಲ್ಲ. ಬಿಡಿಯಾಗಿ ಕಟ್ಟಿ ಕಳಿಸುವ ಏರ್ಪಾಡು, ಫೋನಿಗೆ ಉತ್ತರಿಸುವ ಒಬ್ಬರು, ಸದಾ ಒಂದೇ ಗುಣಮಟ್ಟದ ಮಾಲು ಈ ಮೂರೂ ಇಲ್ಲದ ಕಡೆ ಕರೆಗಳನ್ನು ತಂದರೂ ಕೆಟ್ಟ ಹೆಸರಷ್ಟೇ ಉಳಿಯುತ್ತದೆ. ಅಂಥವರಿಗೆ ಬೇಡವೆಂದು ಹೇಳುವ ಧೈರ್ಯ ಇರಬೇಕು.

ದರ ಮತ್ತು ಆದಾಯದ ಲೆಕ್ಕ

ದರ ಗೊತ್ತು ಮಾಡುವಾಗ ಮೊದಲು ಗಿರಾಕಿಯ ಲಾಭದ ಲೆಕ್ಕ ಹಾಕಬೇಕು. ಉದಾಹರಣೆಗೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ಒಂದು ಆಲೆಮನೆಯವರಿಗೆ ನೇರ ಮಾರಾಟದಿಂದ, ಕಟ್ಟುವ ಹಾಗೂ ಕಳಿಸುವ ಖರ್ಚು ಕಳೆದು, ಮಂಡಿಯ ದರಕ್ಕಿಂತ ಕಿಲೋಗೆ 20 ರೂಪಾಯಿ ಹೆಚ್ಚು ಉಳಿಯುವುದಾದರೆ, ತಿಂಗಳಿಗೆ 3,000 ರೂಪಾಯಿ ಸೇವಾಶುಲ್ಕ ಹುಟ್ಟಲು 150 ಕಿಲೋ ಬೆಲ್ಲ ಹೆಚ್ಚಾಗಿ ನೇರ ಮಾರಾಟವಾಗಬೇಕು. ಅಂದರೆ ದಿನಕ್ಕೆ 5 ಕಿಲೋ. ಇದಕ್ಕಿಂತ ಹೆಚ್ಚು ಮಾರಿದರೆ ಗಿರಾಕಿಗೆ ಲಾಭ. 60 ಕಿಲೋ ಮಾತ್ರ ಮಾರಿದರೆ ದೊರೆಯುವುದು 1,200 ರೂಪಾಯಿ, ಉಳಿದ 1,800 ರೂಪಾಯಿ ತಿಂಗಳು ತಿಂಗಳೂ ಅವರ ಕೈಯಿಂದ ಹೋಗುತ್ತದೆ. ಈ ಲೆಕ್ಕವನ್ನು ಮೊದಲ ದಿನವೇ ಅವರ ಮುಂದೆ ಬರೆದು ತೋರಿಸಬೇಕು.

ಸೇವೆ ಮಾಡುವವರ ಕಡೆಯಿಂದ ನೋಡಿದರೆ, ಇದೇ ದರದಲ್ಲಿ ಎಂಟು ಗಿರಾಕಿಗಳಿದ್ದರೆ ತಿಂಗಳಿಗೆ 24,000 ರೂಪಾಯಿ ಬರುತ್ತದೆ. ಇಂಟರ್ನೆಟ್, ಓಡಾಟ, ಸಲಕರಣೆಗಳ ಸವಕಳಿಗೆ 4,000 ರೂಪಾಯಿ ಕಳೆದರೆ 20,000 ರೂಪಾಯಿ ಉಳಿಯುತ್ತದೆ. ಒಬ್ಬ ಗಿರಾಕಿಗೆ ತಿಂಗಳಿಗೆ 12 ಗಂಟೆಯಂತೆ ಎಂಟು ಜನರಿಗೆ 96 ಗಂಟೆಗಳ ದುಡಿಮೆ ಬೇಕಾಗುತ್ತದೆ. ಬೇಸಾಯದ ಜೊತೆಗೆ ಮಾಡಲು ಇದು ಸಾಧ್ಯ. ಇವು ಲೆಕ್ಕದ ರೀತಿಯನ್ನು ತೋರಿಸಲು ಹಿಡಿದ ಅಂಕಿಗಳು. ತಮ್ಮ ಊರಿನ ದರಕ್ಕೆ ತಕ್ಕಂತೆ ಇವನ್ನು ಬದಲಾಯಿಸಿಕೊಳ್ಳಬೇಕು.

ಇಂಥ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿನಿಂದ ಒಂದು ವರ್ಷ ಬೇಕಾಗುತ್ತದೆಂದು ಗೂಗಲ್ ಸಂಸ್ಥೆಯವರೇ ತಿಳಿಸಿದ್ದಾರೆ. ಅಡಿಕೆ ಸಸಿ ನೆಟ್ಟವರು ಮರು ವರ್ಷವೇ ಗೊನೆ ಕೇಳುವುದಿಲ್ಲ. ಈ ಮಾತನ್ನು ಹೇಳದೆ ಹಣ ಪಡೆದರೆ ಎರಡನೆಯ ತಿಂಗಳಲ್ಲಿಯೇ ಮನಸ್ತಾಪ ಬರುತ್ತದೆ. ಆದ್ದರಿಂದ ಆರಂಭದ ತಪಾಸಣೆ ಮತ್ತು ದುರಸ್ತಿಗೆ ಒಂದು ನಿಶ್ಚಿತ ಮೊತ್ತ ಪಡೆದು, ನಂತರ ತಿಂಗಳ ಶುಲ್ಕಕ್ಕೆ ಹೋಗುವುದು ಇಬ್ಬರಿಗೂ ಕ್ಷೇಮ.

ಮಾಡಬಾರದ ಕೆಲಸಗಳು

ಕೊಂಡಿಗಳನ್ನು ಹಣಕ್ಕೆ ಕೊಳ್ಳುವುದು, ಯಂತ್ರಕ್ಕೆ ಒಂದು ಪುಟ ತೋರಿಸಿ ಮನುಷ್ಯರಿಗೆ ಇನ್ನೊಂದು ತೋರಿಸುವುದು, ಯಾಂತ್ರಿಕವಾಗಿ ಸಾವಿರಾರು ಹುರುಳಿಲ್ಲದ ಪುಟಗಳನ್ನು ತುಂಬುವುದು ಇವು ಬೇಗ ಮೇಲೇರಿಸುವ ದಾರಿಗಳೆಂದು ಕೆಲವರು ಹೇಳುತ್ತಾರೆ. ಇವುಗಳ ಫಲ ಏನೆಂಬುದಕ್ಕೆ ಹೊರದೇಶಗಳ ಎರಡು ಪ್ರಸಂಗಗಳನ್ನು ನೋಡಬಹುದು. 2006ರಲ್ಲಿ ಜರ್ಮನಿಯ ಹೆಸರಾಂತ ಮೋಟಾರು ಕಂಪನಿ ಬಿಎಂಡಬ್ಲ್ಯು ತನ್ನ ಜರ್ಮನ್ ತಾಣದಲ್ಲಿ ಯಂತ್ರವನ್ನು ಮರುಳು ಮಾಡುವ ಪುಟಗಳನ್ನು ಇಟ್ಟಿದ್ದಕ್ಕಾಗಿ ಗೂಗಲ್ ಆ ತಾಣವನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಪುಟಗಳನ್ನು ತೆಗೆದ ಮೇಲಷ್ಟೇ ಮತ್ತೆ ಸೇರಿಸಿಕೊಂಡಿತು. 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಸಂಸ್ಥೆಯ ತಾಣಕ್ಕೆ ಸಂಬಂಧವಿಲ್ಲದ ಸಾವಿರಾರು ತಾಣಗಳಿಂದ ಕೊಂಡಿ ಹಾಕಿರುವುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಹಲವಾರು ಪದಗಳಿಗೆ ಮೊದಲ ಸ್ಥಾನದಲ್ಲಿದ್ದ ಆ ತಾಣ ಕೆಲವೇ ದಿನಗಳಲ್ಲಿ ಬಹಳ ಕೆಳಗೆ ಹೋಯಿತು. ಆ ಕೊಂಡಿಗಳಿಗೆ ತಾನು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಸಂಸ್ಥೆ ಹೇಳಿ, ತನ್ನ ಎಸ್‌ಇಒ ಸೇವಾದಾರರನ್ನು ಬಿಡಿಸಿತು. ಆದರೆ ಸ್ಥಾನ ಕಳೆದುಕೊಂಡದ್ದು ಆ ಅಂಗಡಿಯೇ.

ಕೋಟ್ಯಂತರ ಬಂಡವಾಳದ ಸಂಸ್ಥೆಗಳು ಇಂಥ ಪೆಟ್ಟನ್ನು ತಾಳಿಕೊಂಡು ಮೇಲೇಳಬಲ್ಲವು. ಸಾಲ ಮಾಡಿ ಗಾಣ ಹಾಕಿದ ಒಂದು ಕುಟುಂಬ ತಾಳಿಕೊಳ್ಳಲಾರದು. ಅಡ್ಡದಾರಿ ಹಿಡಿಯುವವನು ಪಣಕ್ಕೊಡ್ಡುವುದು ತನ್ನ ಹೆಸರನ್ನಲ್ಲ, ಗಿರಾಕಿಯ ಅನ್ನವನ್ನು. ಬಳಕೆದಾರರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ರಾಶಿಯಾಗಿ ತಯಾರಿಸುವುದರ ವಿರುದ್ಧ ಗೂಗಲ್ 2024ರ ಮಾರ್ಚ್‌ನಲ್ಲಿ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿದೆ. ಅವು ಕೃತಕ ಬುದ್ಧಿಮತ್ತೆಯಿಂದ ಬರೆದವಾಗಲಿ, ಕೈಯಿಂದ ಬರೆದವಾಗಲಿ ನಿಯಮ ಒಂದೇ.

ಕರಾರು ಮತ್ತು ಕಾನೂನು

ಜಾಲತಾಣದ ವಿಳಾಸ, ಬಿಸಿನೆಸ್ ಪ್ರೊಫೈಲ್, ಸರ್ಚ್ ಕನ್ಸೋಲ್ ಇವು ಮೂರೂ ಉದ್ಯಮದವರ ಹೆಸರಿನಲ್ಲಿ, ಅವರ ಇ-ಮೇಲ್ ಮತ್ತು ಫೋನ್ ಸಂಖ್ಯೆಯ ಮೇಲೆಯೇ ಇರಬೇಕು. ಸೇವೆ ಮಾಡುವವರು ಅವರ ಅನುಮತಿಯಿಂದ ಒಳಗೆ ಬಂದು ಕೆಲಸ ಮಾಡಿಹೋಗುವವರು ಮಾತ್ರ. ಹೊಲವನ್ನು ಗುತ್ತಿಗೆಗೆ ಮಾಡುವವನ ಹೆಸರು ಪಹಣಿಯ ಮಾಲೀಕರ ಅಂಕಣದಲ್ಲಿ ಬರಬಾರದು. ತನ್ನ ಹೆಸರಿನಲ್ಲಿ ಎಲ್ಲವನ್ನೂ ಇಟ್ಟುಕೊಂಡು, ಬಿಟ್ಟುಹೋಗುತ್ತೇನೆಂದಾಗ ಹಣ ಕೇಳುವುದು ಸುಲಿಗೆಯಾಗುತ್ತದೆ. ಮಾಡುವ ಕೆಲಸಗಳ ಪಟ್ಟಿ, ದರ, ವರದಿಯ ದಿನಾಂಕ, ಒಂದು ತಿಂಗಳ ಮುನ್ಸೂಚನೆಯಿಂದ ಬಿಡುವ ಹಕ್ಕು ಇವುಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು.

ಸಣ್ಣ ಸೇವಾ ಉದ್ಯಮವನ್ನು ಉದ್ಯಮ್ ನೋಂದಣಿಯಲ್ಲಿ ದಾಖಲಿಸಬಹುದು. 2020ರ ಜುಲೈನಿಂದ ಜಾರಿಯಲ್ಲಿರುವ ಈ ಸರ್ಕಾರಿ ನೋಂದಣಿಗೆ ಶುಲ್ಕವಿಲ್ಲ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ತಿನ್ನುವ ಪದಾರ್ಥ ಮಾರುವ ಗಿರಾಕಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಇದೆಯೇ ಎಂದು ನೋಡಿದ ನಂತರವೇ ಕೆಲಸ ಒಪ್ಪಬೇಕು. ಪುಟದಲ್ಲಿ ಬರೆಯುವ ಮಾತಿಗೂ ಮಿತಿಯಿದೆ. ಸಾವಯವವಲ್ಲದ ಮಾಲನ್ನು 'ಸಾವಯವ' ಎನ್ನುವುದು, ರೋಗ ವಾಸಿಮಾಡುತ್ತದೆಂದು ಹೇಳುವುದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿ ತಪ್ಪಿಸುವ ಜಾಹೀರಾತನ್ನು ನಿಷೇಧಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಶಿರಸಿ ಅಡಿಕೆ, ನಂಜನಗೂಡು ರಸಬಾಳೆ ಮುಂತಾದವು ಭೌಗೋಳಿಕ ಸೂಚಕವಾಗಿ ನೋಂದಣಿಯಾದ ಹೆಸರುಗಳು. ಹೆಚ್ಚು ಜನ ಹುಡುಕುತ್ತಾರೆಂಬ ಕಾರಣಕ್ಕೆ ಬೇರೆ ಸೀಮೆಯ ಮಾಲಿಗೆ ಈ ಹೆಸರುಗಳನ್ನು ಬರೆದರೆ ಕಾನೂನಿಗೂ ವಿರುದ್ಧ, ಆ ಹೆಸರನ್ನು ಗಳಿಸಿದ ರೈತರಿಗೂ ದ್ರೋಹ.

ಈಚಿನ ಬದಲಾವಣೆ

2024ರಿಂದ ಭಾರತದಲ್ಲಿಯೂ ಗೂಗಲ್ ಅನೇಕ ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯಿಂದ ತಾನೇ ಉತ್ತರವನ್ನು ಬರೆದು ಪುಟದ ಮೇಲ್ಭಾಗದಲ್ಲಿ ತೋರಿಸುತ್ತಿದೆ. 'ಬೆಲ್ಲ ಕೆಡದಂತೆ ಇಡುವುದು ಹೇಗೆ' ಎಂದು ಕೇಳಿದವರು ಅಲ್ಲಿಯೇ ಓದಿ ಮುಗಿಸಬಹುದು, ತಾಣಕ್ಕೆ ಬರದೆ ಇರಬಹುದು. ಆದ್ದರಿಂದ ಸಾಮಾನ್ಯ ಜ್ಞಾನದ ಲೇಖನಗಳಿಂದ ಜನರನ್ನು ತರುವ ಆಸೆಯನ್ನು ಕಡಿಮೆ ಮಾಡಿಕೊಳ್ಳಬೇಕು. ಆದರೆ ಇಂದು ಯಾವ ನರ್ಸರಿಯಲ್ಲಿ ಯಾವ ಸಸಿ ಇದೆ, ದರವೆಷ್ಟು, ದಾರಿ ಯಾವುದು ಎಂಬ ವಿವರಗಳಿಗೆ ಅದನ್ನು ಬೆಳೆದವರೇ ಮೂಲ. ಅಂಥ ನೇರವಾದ, ನಿಜವಾದ, ತಿಂಗಳು ತಿಂಗಳೂ ತಿದ್ದಿದ ವಿವರಗಳಿರುವ ಪುಟಕ್ಕೆ ಬೆಲೆ ಉಳಿದೇ ಇದೆ.

ಸೇವೆ ಪಡೆಯುವ ರೈತರಿಗೆ ಸೂಚನೆ

ಈ ಸೇವೆಯನ್ನು ಕೊಳ್ಳುವ ರೈತರು ಹಾಗೂ ಸಣ್ಣ ಉದ್ಯಮಿಗಳು ಕೆಳಗಿನ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.

1. ದಾಖಲೆಗಳೆಲ್ಲ ಯಾರ ಹೆಸರಿನಲ್ಲಿ ಇರುತ್ತವೆ?
2. ಈ ತಿಂಗಳು ಯಾವ ಯಾವ ಕೆಲಸ ಮಾಡುತ್ತೀರಿ?
3. ಮೊದಲು ಕೆಲಸ ಮಾಡಿದ ಉದ್ಯಮದವರೊಡನೆ ಮಾತನಾಡಬಹುದೇ?
4. ಲಾಭವಾಗದಿದ್ದರೆ ಎಂದು, ಹೇಗೆ ನಿಲ್ಲಿಸಬಹುದು?

ಮೊದಲ ಸ್ಥಾನದ ಖಾತರಿ ಕೊಡುತ್ತೇವೆನ್ನುವವರನ್ನೂ, ಗೂಗಲ್‌ನಿಂದಲೇ ಕರೆ ಮಾಡುತ್ತಿದ್ದೇವೆಂದು ಹೇಳಿ ನಕ್ಷೆಯಲ್ಲಿ ಉಳಿಸಲು ಹಣ ಕೇಳುವವರನ್ನೂ ನಂಬಬಾರದು. ಬಿಸಿನೆಸ್ ಪ್ರೊಫೈಲ್ ಉಚಿತ. ಫೋನಿಗೆ ಬಂದ ಒಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು.

ವಿಸ್ತರಣಾ ಕಾರ್ಯಕರ್ತರು ತಮ್ಮ ವೃತ್ತದಲ್ಲಿ ನೇರ ಮಾರಾಟ ಮಾಡುತ್ತಿರುವ ಉದ್ಯಮಗಳನ್ನು ಗುರುತಿಸಿ, ಆಸಕ್ತಿಯುಳ್ಳ ಯುವಕ ಯುವತಿಯರೊಡನೆ ಪರಿಚಯ ಮಾಡಿಸಿದರೆ ಇಬ್ಬರಿಗೂ ಉಪಕಾರವಾಗುತ್ತದೆ. ಓದಿದ ಮಕ್ಕಳು ಊರಲ್ಲಿಯೇ ದುಡಿದು ಬದುಕುವ ದಾರಿಗಳು ಹೆಚ್ಚಿಲ್ಲ. ಒಂದು ತಾಲ್ಲೂಕಿನಲ್ಲಿ ಇಬ್ಬರು ಮೂವರಿಗಾದರೂ ಈ ಕಸುಬು ಆಸರೆಯಾಗಬಲ್ಲದು. ಹೇಳಿದಷ್ಟನ್ನು ಮಾಡಿ, ಮಾಡಿದಷ್ಟನ್ನೇ ಹೇಳಿ, ಗಿರಾಕಿಯ ಲೆಕ್ಕವನ್ನು ತನ್ನ ಲೆಕ್ಕದಂತೆ ಕಾಯುವವರಿಗೆ ಎರಡನೆಯ ಗಿರಾಕಿಯನ್ನು ಮೊದಲನೆಯವರೇ ಕರೆತರುತ್ತಾರೆ.